ಲೋಂಡಾದಾಚೆ ಪರದೇಶ ಇದ್ದಾಗ

ಪರದೇಶಕ್ಕ ಹೋಗಿ ಮಗಳ ಬಾಣಂತನ ಮಾಡೋದು, ಮೊಮ್ಮಕ್ಕಳನ್ನ ಎತ್ತಿ ಆಡಿಸಿ ಬರೋದು, ಇದೆಲ್ಲಾ ಕಂಪ್ಯೂಟರ್ ನೌಕರಿ ಬಂದ ಮ್ಯಾಲೆ ಶುರು ಆದದ್ದು ಅಂತ ನಮ್ಮ ಓಣ್ಯಾಗ ಎಲ್ಲಾರೂ ತಿಳಕೊಂಡಾರ. ನಮ್ಮ ಖಾನಾಪುರ ತಾಲೂಕಿನ ಮಟ್ಟಿಗೆ ಅದು ಖರೇ ಅಲ್ರಿ. ನಮ್ಮ ಆಯಿ, ಅಂದ್ರ ನಮ್ಮವ್ವನ ಅವ್ವ, 1954ರಾಗನ ಪರದೇಶಕ್ಕ ಹೋಗಿ ಮಗಳ ಮನ್ಯಾಗ ಎರಡೂವರಿ ತಿಂಗಳು ಇದ್ದು ಬಂದಾಕಿ. ವಿಮಾನ ಹತ್ತಲಿಲ್ಲ, ಹಡಗ ಹತ್ತಲಿಲ್ಲ. ಗುಂಜಿ ಸ್ಟೇಷನ್ನಿನ್ಯಾಗ ಮುಂಜಾನೆ ಗಾಡಿ ಹತ್ತಿದಾಕಿ ದೀಪ ಹಚ್ಚೋ ಹೊತ್ತಿಗೆ ಪರದೇಶದಾಗ ಇದ್ಲು.

ಆ ಪರದೇಶದ ಹೆಸರು ಗೋವಾ.

ಈಗಿನ ಹುಡುಗ್ರಿಗೆ ಇದು ಹೇಳಿದ್ರ ನಗ್ತಾರ. ರವಿವಾರ ಮುಂಜಾನೆ ಕಾರ್ ತಗೊಂಡು ಹೋಗಿ, ಸಮುದ್ರ ನೋಡಿ, ರಾತ್ರಿ ಊಟಕ್ಕ ಬೆಳಗಾವಿಗೆ ವಾಪಸ್ ಬರೋ ಊರು ಅದು ಅವರಿಗೆ. ಆದ್ರ 1510ರಿಂದ 1961ರ ಡಿಸೆಂಬರ್ ತನಕ, ನಾಕನೂರಾ ಐವತ್ತು ವರ್ಷದ ಮ್ಯಾಲೆ, ಅಲ್ಲಿ ಪೋರ್ಚುಗೀಜರ ರಾಜ್ಯ ಇತ್ತು. ನಮ್ಮ ದೇಶಕ್ಕ 1947ರಾಗ ಸ್ವಾತಂತ್ರ್ಯ ಬಂತು, ಅವರಿಗೆ ಬರ್ಲಿಲ್ಲ. ಲೋಂಡಾ ದಾಟಿ, ತಿನೈಘಾಟ ದಾಟಿ, ಕ್ಯಾಸಲ್‌ರಾಕ್ ಅಂದ್ರ ನಮ್ಮ ದೇಶ ಮುಗೀತು. ಅಲ್ಲಿಂದ ಘಟ್ಟ ಇಳಿದು ಇಪ್ಪತ್ತಾರು ಕಿಲೋಮೀಟರ್ ಹೋದ್ರ ಕೊಲ್ಲೇಮ್. ಅದು ಅವರ ಮೊದಲ ದೊಡ್ಡ ಸ್ಟೇಷನ್.

ಈ ರೈಲಿನ ಕಥಿ ಸ್ವಲ್ಪ ಹೇಳಬೇಕು, ಯಾಕಂದ್ರ ರೈಲು ಇರ್ಲಿಲ್ಲಂದ್ರ ನಮ್ಮ ದೊಡ್ಡವ್ವನ ಲಗ್ನನ ಆಗ್ತಿರ್ಲಿಲ್ಲ. ಇಂಗ್ಲೀಷರೂ ಪೋರ್ಚುಗೀಜರೂ 1878ರಾಗ ಒಂದು ಒಪ್ಪಂದ ಮಾಡಕೊಂಡು, ಮುರಗಾಂವ ಬಂದರದಿಂದ ಘಟ್ಟ ಹತ್ತಿಸಿ ನಮ್ಮ ಕಡೆ ರೈಲು ತರೋದು ಅಂತ ಠರಾವ ಮಾಡಿದ್ರು. 1888ರ ಹೊತ್ತಿಗೆ ಕ್ಯಾಸಲ್‌ರಾಕ್ ತನಕ ಸಣ್ಣ ಗೇಜಿನ ಹಳಿ ಬಂತು. ಈ ಕಡೆಯಿಂದ ಸದರ್ನ್ ಮರಾಠಾ ರೈಲ್ವೆಯವರು ಹಳಿ ತಂದು ಕೂಡಿಸಿದ್ರು. ಧಾರವಾಡ, ಹುಬ್ಬಳ್ಳಿ ಕಡೆ ಹತ್ತಿ ಬಂದರಕ್ಕ ಹೋಗಬೇಕು ಅಂತ ಸಾಹೇಬರ ಲೆಕ್ಕ. ಆದ್ರ ರೈಲು ಒಮ್ಮೆ ಬಂತಂದ್ರ ಹತ್ತಿ ಅಷ್ಟ ಹೋಗಂಗಿಲ್ಲ. ಕೂಲಿಯವರು ಹೋದ್ರು, ಕಿರಾಣಿ ಅಂಗಡಿಯವರು ಹೋದ್ರು, ಗೌಂಡ್ಯಾರು ಹೋದ್ರು, ಅವರ ಹಿಂದ ಹೆಣ್ಣು ಕೊಡೋದು ತರೋದು ಶುರು ಆತು. ನಮ್ಮ ಕಾಕಾನ ಮನೆತನ ಹಿಂಗ ಹೋಗಿ ಸಾಂವರ್ಡೆ ಸ್ಟೇಷನ್ ಹತ್ರ ಅಂಗಡಿ ಇಟ್ಟವರು. ಕಾಕಾ ಅಲ್ಲೇ ಹುಟ್ಟಿದಂವ. ಕಬ್ಬಿಣದ ಅದಿರಿನ ಗಣಿ ಆ ಕಡೆ ಜೋರು ಆದಾಗ ಅವರ ಅಂಗಡಿನೂ ಜೋರು ಆತು. 1951ರಾಗ ನಮ್ಮ ದೊಡ್ಡವ್ವನ್ನ ಅಲ್ಲಿ ಕೊಟ್ರು. ಪರದೇಶಕ್ಕ ಮಗಳನ್ನ ಕೊಡ್ತೀವಿ ಅಂತ ನಮ್ಮಜ್ಜನಿಗೆ ಅನಿಸಿದ್ದೇ ಇಲ್ಲಂತ. ನಂದಗಡಕ್ಕ ಕೊಟ್ರ ಚಕ್ಕಡಿ ಕಟ್ಟಬೇಕು, ಸಾಂವರ್ಡೆಕ್ಕ ಕೊಟ್ರ ರೈಲದಾಗ ಕುಂತು ಹೋಗಬಹುದು, ಅದ ಹತ್ರ ಅಂತಿದ್ನಂತ.

ಮೊದಲನೇ ಬಾಣಂತನ ತವರಿನ್ಯಾಗ. 1953ರ ಶ್ರಾವಣದಾಗ, ನಮ್ಮ ಗುಂಜಿಯ ಆ ಮಳಿಯೊಳಗ, ದೊಡ್ಡಣ್ಣ ಹುಟ್ಟಿದ. ಐದು ತಿಂಗಳು ತುಂಬಿದ ಮ್ಯಾಲೆ ತೊಟ್ಟಿಲ ಕೂಸಿನ ಸಂಗಾಟ ಮಗಳನ್ನ ಗಂಡನ ಮನಿಗೆ ಮುಟ್ಟಿಸೋದು ನಮ್ಮ ಪದ್ಧತಿ. ಹಂಗಾಗಿ 1954ರ ಸಂಕ್ರಾಂತಿ ಮುಗಿಸಿ ಆಯಿ ಹೊಂಟ್ಲು. ನಮ್ಮವ್ವಗ ಆಗ ಎಂಟು ವರ್ಷ. ಅತ್ತು ಕರದು ಅಕಿನೂ ಹೊಂಟ್ಲು. ನಾನು ಇಲ್ಲಿ ಹೇಳೋ ಅರ್ಧಕ್ಕ ಅರ್ಧ ಮಾತು ಆ ಎಂಟು ವರ್ಷದ ಹುಡುಗಿ ಕಣ್ಣಿಲೆ ಕಂಡದ್ದು. ಉಳಿದದ್ದು ಆಯಿ ಹೇಳಿದ್ದು. ನಾನು ನಾಕನೇತ್ತ ತನಕ ಗುಂಜಿಯಾಗ ಆಯಿ ಕೈಯಾಗನ ಬೆಳದಾಕಿ.

ಗಂಟಿನ್ಯಾಗ ಏನೇನಿತ್ತು ಅನ್ನೋದು ಮಾತ್ರ ನಮ್ಮವ್ವ ಇನ್ನೂ ತನಕ ಬೆರಳು ಮಡಚಿ ಹೇಳ್ತಾಳ. ಅಳ್ವಿ ಉಂಡಿ, ಅಂಟಿನ ಉಂಡಿ, ಬಾಳಂತಶೇಪು, ಬಜಿ ಬೇರು, ಜೋಳದ ಹಿಟ್ಟು ಹತ್ತು ಸೇರು, ಎರಡು ಕೌದಿ, ಕುಂಚಿಗಿ, ಕೂಸಿಗೆ ಎರಿಯಾಕ ಎಣ್ಣಿ. ಖಾನಾಪುರದ ಮಣ್ಣಿಗೆ ಹೆಸರು ಅಲ್ರಿ, ಅಲ್ಲಿಯ ಕುಂಬಾರ ಮಾಡಿದ ಎರಡು ಮಡಕಿ ಬ್ಯಾರೆ. ಬೀಗರ ಮನ್ಯಾಗ ಮೀನ ಬೇಯಿಸ್ತಿರ್ಲಿಲ್ಲ, ಆದ್ರ ಸುತ್ತಮುತ್ತ ಎಲ್ಲಾ ಅದ. ಅದಕ್ಕ ತನ್ನ ಮಡಕಿ ತನಗ ಇರ್ಲಿ ಅಂತ ಆಯಿ ಹಟ.

ಕ್ಯಾಸಲ್‌ರಾಕಿನ್ಯಾಗ ಗಾಡಿ ಭಾಳ ಹೊತ್ತು ನಿಂದ್ರತಿತ್ತು. ಅಲ್ಲಿ ನಮ್ಮ ಕಡೆಯ ಕಸ್ಟಮ್ಸಿನವರು ಗಂಟು ಬಿಚ್ಚಿಸಿ ನೋಡ್ತಿದ್ರು. ಆಗ ನಾವು ಇನ್ನೂ ಮುಂಬೈ ರಾಜ್ಯದಾಗ ಇದ್ವಿ. 1949ರ ಕಾಯ್ದೆದಿಂದ ಮುಂಬೈ ರಾಜ್ಯದಾಗ ಪಾನಬಂದಿ. ಗೋವಾದಾಗ ಮಾತ್ರ ಸೆರೆ ನೀರಿನಂಗ. ಹಂಗಾಗಿ ಆ ಕಡೆಯಿಂದ ಬರೋರನ್ನ ಬಾಟಲಿಗೆ ಅಂತ ತಪಾಸ ಮಾಡ್ತಿದ್ರು, ಈ ಕಡೆಯಿಂದ ಹೋಗೋರನ್ನ ಬ್ಯಾರೆದಕ್ಕ. ಘಟ್ಟ ಇಳಿದು ಕೊಲ್ಲೇಮಿಗೆ ಹೋದ್ರ ಅವರದ್ದು ಮತ್ತೊಂದು ತಪಾಸಣಿ. ಅಲ್ಲಿಯ ಸಿಪಾಯಿ ಎಣ್ಣಿ ಬಾಟಲಿ ಎತ್ತಿ ಮೂಸಿ ನೋಡಿ, ತೊಡಿ ಮ್ಯಾಲಿನ ಕೂಸಿನ ತಲಿ ಮೂಸಿ ನೋಡಿ, ಎರಡೂ ಒಂದ ವಾಸನಿ ಅಂತ ನಕ್ಕು ಬಿಟ್ನಂತ. ಪಾಸ್‌ಪೋರ್ಟ್ ಅಂತ ಆಯಿ ಕೈಯಾಗ ಒಂದು ಹಾಳಿ ಇರ್ಲಿಲ್ಲ. ಟಿಕೀಟ ಇತ್ತು, ಕೂಸು ಇತ್ತು, ಅಷ್ಟ. ಇದ ಕೊಲ್ಲೇಮ್ ಸ್ಟೇಷನ್ನಿನ್ಯಾಗ 1946ರ ಸಪ್ಟೆಂಬರಿನ್ಯಾಗ ರಾಮ ಮನೋಹರ ಲೋಹಿಯಾ ಅವರನ್ನ ಪೋರ್ಚುಗೀಜರು ಹಿಡದು ಅಗ್ವಾದ ಕ್ವಾಟಿಯಾಗ ಇಟ್ಟಿದ್ರು. ದೊಡ್ಡ ಮನುಷ್ಯಾನ್ನ ಹಿಡದ ನಾಕಾದಾಗ ಅಜ್ಜಿ ಮೊಮ್ಮಗ ಸಲೀಸಾಗಿ ದಾಟಿದ್ರು.

ಸಾಂವರ್ಡೆಯ ಮನ್ಯಾಗ ದೊಡ್ಡವ್ವನ ಫಜೀತಿ ಏನಿತ್ತು ಅಂತ ನನಗ ದೊಡ್ಡಾಕಿ ಆದ ಮ್ಯಾಲೆ ತಿಳೀತು. ಹತ್ತೊಂಬತ್ತು ವರ್ಷದ ಹುಡುಗಿ. ಒಂದು ಕಡೆ ಅತ್ತಿ, ಒಂದು ಕಡೆ ಅವ್ವ, ನಡುವ ಕೂಸು. ಅತ್ತಿ ಕೊಂಕಣಿ ಬೆರೆಸಿದ ಕನ್ನಡ ಮಾತಾಡಾಕಿ, ತೆಂಗಿನಕಾಯಿ ಇಲ್ಲದ ಅಡಿಗಿ ಮಾಡದಾಕಿ. ಅವ್ವ ಶೇಂಗಾ ಇಲ್ಲದ ಊಟ ಊಟನ ಅಲ್ಲ ಅನ್ನಾಕಿ. ಅತ್ತಿ ಹೇಳ್ತಾಳ, ಇಲ್ಲಿ ಸೆಕಿ ಭಾಳ, ಕೂಸಿಗೆ ಕುಂಚಿಗಿ ಬ್ಯಾಡ. ಆಯಿ ಹೇಳ್ತಾಳ, ಕುಂಚಿಗಿ ಇಲ್ಲದ ಕೂಸಿಗೆ ಗಾಳಿ ಹೊಕ್ಕೋತದ. ದೊಡ್ಡವ್ವ ಏನ್ ಮಾಡತಿದ್ಲು? ಅವ್ವ ಹಿತ್ತಲಕ್ಕ ಹೋದಾಗ ಕುಂಚಿಗಿ ತಗೀತಿದ್ಲು, ಅವ್ವ ಬಂದಾಗ ಕಟ್ಟತಿದ್ಲು. ಇಬ್ಬರಿಗೂ ಗೊತ್ತಿತ್ತಂತ, ಇಬ್ಬರೂ ಒಂದ ಮಾತೂ ಆಡ್ಲಿಲ್ಲ. ಮನಿಗೆ ಬಂದ ಹಿರಿಯಾರನ್ನ ಸಂಬಾಳಿಸೋದಕ್ಕ ಇದಕ್ಕಿಂತ ಚಲೋ ಉಪಾಯ ನಾ ಇನ್ನೂ ಕಂಡಿಲ್ಲ.

ಮುಂಜಾನೆ ಪೊದೇರ ಪಾವ್ ಬುಟ್ಟಿ ತಗೊಂಡು ಬರ್ತಿದ್ದ. ನಮ್ಮವ್ವ ಪಾವಿನ ವಾಸನಿಗೆ ಎದ್ದು ಓಡ್ತಿದ್ಲು. ಆಯಿ ಮುಟ್ಟತಿರ್ಲಿಲ್ಲ, ತನ್ನ ರೊಟ್ಟಿ ತಾ ಬಡಕೋತಿದ್ಲು. ಪ್ಯಾಟ್ಯಾಗ ರೂಪಾಯಿ ಅಂದ್ರ ನಮ್ಮ ರೂಪಾಯಿ ಅಲ್ಲ, ಅವರ ‘ರುಪಿಯಾ’, ಆಣೆ ಜಾಗಾದಾಗ ‘ಟಾಂಗಾ’, ಹದಿನಾರು ಟಾಂಗಾಕ್ಕ ಒಂದು ರುಪಿಯಾ. ಲೆಕ್ಕ ಮಾತ್ರ ಅದ ಇದ್ದದ್ದಕ್ಕ ಆಯಿ ಖುಷಿ. ಆಫ್ರಿಕಾದಿಂದ ಕರಕೊಂಡು ಬಂದ ಸಿಪಾಯಿಗಳು ಸ್ಟೇಷನ್ ಹತ್ರ ನಿಂತಿರ್ತಿದ್ರು. ಅವರೂ ಪರದೇಶದವರ, ತಮ್ಮ ಮಕ್ಕಳನ್ನ ಬಿಟ್ಟು ಬಂದಾರ ಅಂತ ಆಯಿ ಮರಗತಿದ್ಲಂತ. ಹಬ್ಬದ ದಿವಸ ಒಬ್ಬನಿಗೆ ಹೋಳಿಗಿ ಕೊಟ್ಟಿದ್ದನ್ನ ನಮ್ಮವ್ವ ಕಣ್ಣಾರೆ ನೋಡ್ಯಾಳ.

ಯುಗಾದಿ ಮುಗಿಸಿ ಆಯಿ ವಾಪಸ್ ಬಂದ್ಲು. ದೊಡ್ಡಣ್ಣ ಆಗ ಎಂಟು ತಿಂಗಳ ಕೂಸು. ಅಂವಗ ಕನ್ನಡ ಹಾಡು, ಕನ್ನಡ ಜೋಗುಳ, ಆಯಿ ಮೈ ವಾಸನಿ, ಎಲ್ಲಾ ಗೊತ್ತಾಗಿತ್ತು. ಎರಡನೇದು ನಿಂತರ ಮತ್ತ ಗುಂಜಿಗೆ ಬಾ ಅಂತ ಹೇಳಿ ಬಂದಿದ್ಲು.

ಅದ ವರ್ಷ ಸುದ್ದಿ ಕೆಟ್ಟತು. ಗೋವಾ ಬಿಡಂಗಿಲ್ಲ ಅಂತ ಪೋರ್ಚುಗಲ್ಲಿನ ಸಾಲಾಜಾರ ಸರ್ಕಾರ ಹಟ ಹಿಡದಿತ್ತು. 1953ರಾಗನ ನಮ್ಮ ದೇಶದವರು ಲಿಸ್ಬನ್ನಿನ ಕಚೇರಿ ಮುಚ್ಚಿದ್ರು. 1954ರಾಗ ಗೋವಾದಿಂದ ಈ ಕಡೆ ಬರೋರಿಗೆ ವೀಸಾ ನಿರ್ಬಂಧ ಬಂತು. ಮುಂದ 1955ರ ಆಗಸ್ಟ್ 15ಕ್ಕ ದೇಶದ ನಾಕೂ ಕಡೆಯಿಂದ ಸತ್ಯಾಗ್ರಹಿಗಳು ಗಡಿ ದಾಟಿ ಒಳಗ ಹೋದ್ರು. ಕೈಯಾಗ ಕಲ್ಲು ಸೈತ ಇರ್ಲಿಲ್ಲ. ಪೋರ್ಚುಗೀಜರು ಗುಂಡ ಹಾರಿಸಿ ಇಪ್ಪತ್ತಕ್ಕೂ ಹೆಚ್ಚು ಮಂದೀನ್ನ ಕೊಂದ್ರು. ಅದರ ಬೆನ್ನಿಗೆ ನಮ್ಮ ಸರ್ಕಾರ ಗೋವಾದ ಸಂಗಾಟ ರೈಲು ನಿಲ್ಲಿಸಿತು, ವ್ಯಾಪಾರ ನಿಲ್ಲಿಸಿತು.

ಪುಸ್ತಕದಾಗ ಇದನ್ನ ಆರ್ಥಿಕ ದಿಗ್ಬಂಧನ ಅಂತಾರ. ಸರ್ಕಾರ ಮಾಡಿದ್ದು ತಪ್ಪು ಅಂತ ನಾ ಹೇಳಂಗಿಲ್ಲ. ಸತ್ತವರ ಮನಿಯವರು ಏನ್ ಹೇಳಬೇಕು ಮತ್ತ? ಆದ್ರ ಆ ದೊಡ್ಡ ಮಾತಿನ ಒಳಗ ಯಾರ್ಯಾರ ಮನಿ ಬಾಗಲಾ ಹಾಕ್ಯಾವು ಅಂತ ಪುಸ್ತಕದಾಗ ಬರದಿಲ್ಲ. ನಮ್ಮ ದೊಡ್ಡವ್ವಗ ಆಗ ಆರು ತಿಂಗಳು. ದೀಪಾವಳಿ ಹೊತ್ತಿಗೆ ಗುಂಜಿಗೆ ಬರಬೇಕಾದಾಕಿ. ಅಕಿ ಬರ್ಲಿಲ್ಲ, ಆಯಿ ಹೋಗಲಿಲ್ಲ. ಪರವಾನಗಿ ಕಾಗದ ಮಾಡಿಸಬೇಕು ಅಂದ್ರ ಬೆಳಗಾವಿ ಕಚೇರಿ, ಅರ್ಜಿ, ಕಾರಣ, ಸಾಕ್ಷಿ. ನಮ್ಮಜ್ಜ ಹೆಬ್ಬೆಟ್ಟಿನ ಮನುಷ್ಯಾ, ಆ ಹಾದಿಗೆ ಹೋಗಲಿಲ್ಲ. ಕಾರ್ತೀಕದಾಗ ಸಾಂವರ್ಡೆಯಾಗನ ಎರಡನೇ ಮಗ ಹುಟ್ಟಿದ. ಅತ್ತಿನ ಬಾಣಂತನ ಮಾಡಿದ್ಲು. ಚಲೋನ ಮಾಡಿದ್ಲಂತ, ಅದರ ಬಗ್ಗೆ ಎರಡು ಮಾತಿಲ್ಲ. ಸುದ್ದಿ ಗುಂಜಿಗೆ ಮುಟ್ಟಿದ್ದು ಒಂದೂವರಿ ತಿಂಗಳಿಗೆ, ಅಡವಿ ಹಾದಿ ಹಿಡದು ಘಟ್ಟ ಏರಿ ಬಂದ ಒಬ್ಬ ಗಣಿ ಕೂಲಿಯವನ ಬಾಯಿಲೆ. ಆಯಿ ಮಾಡಿಟ್ಟ ಅಳ್ವಿ ಉಂಡಿ ಅಷ್ಟೊತ್ತಿಗೆ ಮುಗ್ಗು ಹಿಡದಿದ್ವು. ದನಕ್ಕ ಹಾಕಿದ್ಲು.

ಆರು ವರ್ಷ ಹಿಂಗ ಹೋತು. ಹಳಿ ಅಲ್ಲೇ ಇತ್ತು, ಸ್ಟೇಷನ್ ಅಲ್ಲೇ ಇತ್ತು, ಗಾಡಿ ಮಾತ್ರ ಕ್ಯಾಸಲ್‌ರಾಕಿನಾಚೆ ಹೋಗತಿರ್ಲಿಲ್ಲ. ಗೋವಾದವರು ಉಪವಾಸ ಬೀಳ್ತಾರ ಅಂತ ಮಂದಿ ಅಂತಿದ್ರು, ಬೀಳಲಿಲ್ಲ. ಹಡಗಿನ್ಯಾಗ ಹಾಲೆಂಡಿನಿಂದ ಆಲೂಗಡ್ಡಿ ಬಂತು, ಪಾಕಿಸ್ತಾನದಿಂದ ಅಕ್ಕಿ ಬಂತು, ಸಿಲೋನಿನಿಂದ ಚಹಾಪುಡಿ ಬಂತು. ಏಳು ಸಮುದ್ರದಾಚೆಯ ಆಲೂಗಡ್ಡಿ ದೊಡ್ಡವ್ವನ ಅಡಿಗಿ ಮನಿಗೆ ಬರ್ತಿತ್ತು, ಗುಂಜಿಯ ಅವ್ವ ಬರಾಕ ಆಗ್ತಿರ್ಲಿಲ್ಲ.

ಇಲ್ಲಿ ಒಂದು ಮಾತು ಹೇಳೇ ಮುಂದ ಹೋಗ್ತೀನಿ, ನಮ್ಮ ಹೆಣ್ಣುಮಕ್ಕಳಿಗೆ ಗೊತ್ತಿರಬೇಕು. ಆ ಆರು ವರ್ಷ ನಮ್ಮ ಅಡವ್ಯಾಗ ಒಬ್ಬ ಹೆಣ್ಣುಮಗಳು ರೇಡಿಯೋ ನಡಿಸ್ತಿದ್ಲು. ಲಿಬಿಯಾ ಲೋಬೋ ಅಂತ ಹೆಸರು. ವಾಮನ ಸರದೇಸಾಯಿ ಅನ್ನೋರ ಸಂಗಾಟ ಕೂಡಿ 1955ರ ನವೆಂಬರ್ 25ರಿಂದ ಮೊದಲ ಅಂಬೋಲಿ ಅಡವಿ, ಆಮ್ಯಾಲೆ ನಮ್ಮ ಕ್ಯಾಸಲ್‌ರಾಕ್ ಅಡವಿಯಾಗ ಕುಂತು, ಗೋವಾದವರಿಗೆ ಪೋರ್ಚುಗೀಜ ಮತ್ತು ಕೊಂಕಣಿಯಾಗ ಸ್ವಾತಂತ್ರ್ಯದ ಸುದ್ದಿ ಹೇಳ್ತಿದ್ರು. ಮನಿ ಮಾರು ಬಿಟ್ಟು, ಹುಲಿ ಹಾವು ಇರೋ ಜಾಗಾದಾಗ. 2025ರಾಗ ಆಕಿಗೆ ಪದ್ಮಶ್ರೀ ಕೊಟ್ರು, ನೂರರ ಅಂಚಿನ ವಯಸ್ಸಿನ್ಯಾಗ. ಆ ಬಾನುಲಿ ಸಾಂವರ್ಡೆಯ ಅಂಗಡಿಯಾಗ ಬಾಗಲಾ ಹಾಕ್ಕೊಂಡು ಕೇಳ್ತಿದ್ರಂತ. ಗುಂಜಿಗೆ ಇಷ್ಟ ಹತ್ರದಿಂದ ಯಾರೋ ಮಾತಾಡ್ತಾರ, ನನ್ನ ಅವ್ವನ ದನಿ ಮಾತ್ರ ಬರಂಗಿಲ್ಲ ಅಂತ ದೊಡ್ಡವ್ವ ಅಂತಿದ್ಲಂತ.

1961ರ ಡಿಸೆಂಬರಿನ್ಯಾಗ ಬೆಳಗಾವಿ ತುಂಬ ಮಿಲಿಟರಿ. ಜನರಲ್ ಕ್ಯಾಂಡೆತ್ ಅವರ 17ನೇ ಡಿವಿಜನ್ ಅಲ್ಲೇ ನೆರೆದಿತ್ತು. ರೈಲು, ಲಾರಿ ಎಲ್ಲಾ ಸೈನ್ಯಕ್ಕ. ಅನಮೋಡದ ಘಟ್ಟದಾಗೂ ಒಂದು ದಂಡು ಇಳೀತು. ಊರೆಲ್ಲಾ ಜೈ ಅಂತ ಕುಣೀತಿತ್ತು, ಆಯಿ ಮಾತ್ರ ಗುಂಜಿಯ ಮಾವುಲಿ ಗುಡಿಯಾಗ ಕುಂತಿದ್ಲು. ಬಾಂಬು ಬೀಳೋ ಊರಾಗ ಮಗಳು, ಇಬ್ಬರು ಮೊಮ್ಮಕ್ಕಳು ಅದಾರ ಅಂದ್ರ ಯಾವ ಅಜ್ಜಿ ಕುಣೀತಾಳ ಹೇಳ್ರಿ? ಎರಡು ದಿನದಾಗ ಎಲ್ಲಾ ಮುಗೀತು. 19ನೇ ತಾರೀಖ ಸಂಜಿಗೆ ಪೋರ್ಚುಗೀಜ ಗವರ್ನರ್ ಶರಣಾದ. ಲಿಬಿಯಾ ಬಾಯಿ ವಿಮಾನದಾಗ ಕುಂತು ಭೋಂಗಾದಾಗ ಗೋವಾ ಬಿಡುಗಡೆ ಆತು ಅಂತ ಮ್ಯಾಲಿಂದ ಸಾರಿದ್ಲು.

1962ರ ಬ್ಯಾಸಗಿಗೆ ದೊಡ್ಡವ್ವ ಎರಡೂ ಮಕ್ಕಳನ್ನ ಕರಕೊಂಡು ಗುಂಜಿಗೆ ಬಂದ್ಲು. ಒಂಬತ್ತು ತುಂಬಾಕ ಬಂದ ದೊಡ್ಡಣ್ಣ ಅಂಗಳದಾಗ ಕಾಲಿಡ್ತಿದ್ದಂಗ ಆಯಿ ಸೆರಗು ಹಿಡದ. ಎಂಟು ತಿಂಗಳ ಕೂಸು ಇದ್ದಾಗ ಬಿಟ್ಟದ್ದು, ಅಂವಗ ನೆನಪಿರಾಕ ಸಾಧ್ಯ ಇಲ್ಲ ಅಂತ ಡಾಕ್ಟರು ಹೇಳಬಹುದು. ನಮ್ಮ ಮನಿಯವರು ಯಾರೂ ಅದನ್ನ ನಂಬಂಗಿಲ್ಲ. ಆರು ವರ್ಷದ ಸಣ್ಣಣ್ಣ ಅವ್ವನ ಹಿಂದ ನಿಂತು, ಆಯಿ ಕಡೆ ಬಟ್ಟು ಮಾಡಿ, “ಹೀ ಕೋಣ?” ಅಂದ. ಯಾರು ಈಕಿ? ಆಯಿಗೆ ಕೊಂಕಣಿ ಅಷ್ಟು ತಿಳೀತಿತ್ತು.

ಮುಂದ ರೈಲೂ ಬಂತು, ಹೋಗೋದು ಬರೋದು ಭಾಳ ಆತು. ಆದ್ರ ಸಣ್ಣಣ್ಣನ ಸಂಗಾಟ ಆಯಿದು ಕೂಡಲೇ ಇಲ್ಲ. ಆಯಿ ಹೇಳಿದ್ದು ಅಂವಗ ಪೂರಾ ತಿಳೀತಿರ್ಲಿಲ್ಲ, ಅಂವ ನಕ್ಕದ್ದು ಆಯಿಗೆ ತಿಳೀತಿರ್ಲಿಲ್ಲ. ಜಗಳ ಅಲ್ಲ, ಸಿಟ್ಟಲ್ಲ. ಬೀಗರ ಮನಿ ಹುಡುಗನ್ನ ಮಾತಾಡಿಸಿದಂಗ ಅಂವನ್ನ ಮಾತಾಡಿಸ್ತಿದ್ಲು. ಊಟಕ್ಕ ಕರೀವಾಗ ನಮಗೆಲ್ಲಾ “ಬಾರೋ, ಬಾರೇ”, ಅಂವಗ “ಬಾ ಅಪ್ಪಾ”. ನಾನು ಸಣ್ಣಾಕಿ ಇದ್ದಾಗ ಇದನ್ನ ಗೌರವ ಅಂತ ತಿಳಕೊಂಡಿದ್ದೆ.

ಇಷ್ಟೆಲ್ಲಾ ನನಗ ಸಾಲಾಗಿ ಕೂಡಿ ಬಂದದ್ದು 2022ರಾಗ, ನಾನ ಪರದೇಶದ ಅಜ್ಜಿ ಆದಾಗ. ನನ್ನ ಮಗಳು ಬರ್ಲಿನ್ನಿನ್ಯಾಗ ಇರ್ತಾಳ. ಅಲ್ಲಿ ಹೋಗಬೇಕಾದ್ರ ಬೆಂಗಳೂರಿಗೆ ಹೋಗಿ ಬಟ್ಟು ಒತ್ತಬೇಕು. ಮೂವತ್ತು ಸಾವಿರ ಯೂರೋ ತನಕ ಆಸ್ಪತ್ರೆ ಖರ್ಚಿಗೆ ವಿಮೆ ಬೇಕು. ಮಗಳು ಅಲ್ಲಿಯ ಸರ್ಕಾರಿ ಕಚೇರಿಗೆ ಹೋಗಿ “ನಮ್ಮವ್ವನ ಖರ್ಚೆಲ್ಲಾ ನಂದು” ಅಂತ ಬರದುಕೊಟ್ಟಳು. ಇಷ್ಟಾದ ಮ್ಯಾಲೆ ಸಿಕ್ಕದ್ದು ತೊಂಬತ್ತು ದಿನ. ನೂರಾ ಎಂಬತ್ತು ದಿನದಾಗ ತೊಂಬತ್ತ ಅಷ್ಟ ಅಂತ ಯುರೋಪದವರ ಲೆಕ್ಕ. ಆಯಿಗೆ ಹಾಳಿ ಇಲ್ಲದ ಎರಡೂವರಿ ತಿಂಗಳು, ನನಗ ಫೈಲು ತುಂಬ ಹಾಳಿ ಇದ್ದು ಮೂರು ತಿಂಗಳು. ನಮ್ಮ ಬೆಳಗಾವಿ ಕುಂದಾ ಒಯ್ಯಾಕ ಬಿಡಂಗಿಲ್ಲ ನೋಡ್ರಿ, ಹಾಲಿನ ಪದಾರ್ಥ ಅಲ್ಲಿ ಒಳಗ ಬಿಡಂಗಿಲ್ಲ. ಅಳ್ವಿ, ಬಾಳಂತಶೇಪು, ಬಜಿ ಎಲ್ಲಾ ಮುಟ್ಟಿದ್ವು.

ಅಲ್ಲಿಯ ಸೂಲಗಿತ್ತಿಗೆ ಹೆಬಾಮೆ ಅಂತಾರ. ಹೆರಿಗೆ ಆದ ಮ್ಯಾಲೆ ಮನಿಗೆ ಬಂದು ಕೂಸನ್ನ, ಬಾಣಂತಿನ್ನ ನೋಡಿ ಹೋಗ್ತಾಳ, ದುಡ್ಡು ವಿಮೆಯವರು ಕೊಡ್ತಾರ. ಭಾಳ ಚಲೋ ಪದ್ಧತಿ, ನಮ್ಮಲ್ಲಿ ಸೂಲಗಿತ್ತೇರು ಹೋದ ಮ್ಯಾಲೆ ಆ ಜಾಗಾ ಖಾಲಿನ ಉಳೀತಲ್ಲ. ಆದ್ರ ಕೂಸಿಗೆ ವಾರಕ್ಕ ಒಂದೆರಡು ಸಲ ನೀರು ಹಾಕಿದ್ರ ಸಾಕು ಅಂದ್ಲು. ನಾನು ದಿನಾ ಎಣ್ಣಿ ತಿಕ್ಕಿ ಎರಿಯೋ ತಯಾರಿಲೆ ಹೋಗಿದ್ದೆ. ನನ್ನ ಮಗಳು ದೊಡ್ಡವ್ವನ ಕುಂಚಿಗಿ ಉಪಾಯನ ಮಾಡಿದ್ಲು: ಹೆಬಾಮೆ ಬರೋ ದಿನ ನೀರಿಲ್ಲ, ಉಳಿದ ದಿನ ನನ್ನ ರಾಜ್ಯ. ಲೋಬಾನ ಹಾಕೋ ಆಸೆ ಮಾತ್ರ ಬಿಡಬೇಕಾತು, ಮಾಳಿಗಿಗೆ ಹೊಗಿ ಕಂಡ್ರ ಕೂಗೋ ಡಬ್ಬಿ ಹಚ್ಚಿರ್ತಾರ. ರವಿವಾರ ಮಿಕ್ಸರ್ ತಿರಗಿಸಂಗಿಲ್ಲ, ಬಾಜು ಮನಿಯವರಿಗೆ ಶಾಂತತೆ ಬೇಕು. ಚಟ್ನಿ ಶನಿವಾರನ ಅರದು ಇಡೋದು.

ಅಲ್ಲಿ ಬೆರ್ನಾವರ್ ಸ್ಟ್ರಾಸೆ ಅಂತ ಒಂದು ರಸ್ತಾ ಐತಿ. ಊರನ್ನ ಎರಡು ಸೀಳು ಮಾಡಿದ್ದ ಗ್ವಾಡಿಯ ಒಂದು ತುಂಡನ್ನ ಅಲ್ಲಿ ಹಂಗ ಉಳಿಸ್ಯಾರ. ಕೂಸಿನ ಗಾಡಿ ತಳ್ಳಿಕೋತ ಒಂದಿನ ಅಲ್ಲಿಗೆ ಹೋದ್ವಿ. ಆ ಗ್ವಾಡಿ ಎದ್ದದ್ದು 1961ರ ಆಗಸ್ಟ್ 13ಕ್ಕ. ನಮ್ಮ ಗೋವಾದ ಗ್ವಾಡಿ ಬೀಳಾಕ ನಾಕ ತಿಂಗಳು ಇದ್ದಾಗ! ಈ ಓಣ್ಯಾಗ ಮಗಳು, ಆ ಓಣ್ಯಾಗ ಅವ್ವ, ನಡುವ ಗ್ವಾಡಿ. 1963ರ ಕ್ರಿಸ್‌ಮಸ್‌ಕ್ಕ ಮೊದಲನೇ ಸಲ ಪಶ್ಚಿಮದ ಕಡೆಯವರಿಗೆ ಪಾಸ್ ಕೊಟ್ಟು ಬಂಧುಗಳನ್ನ ನೋಡಾಕ ಬಿಟ್ರಂತ. ಚಳ್ಯಾಗ ಲಕ್ಷಗಟ್ಟಲೆ ಮಂದಿ ಪಾಳಿ ಹಚ್ಚಿದ್ರು. 1964ರ ನವೆಂಬರಿನಿಂದ ಪೂರ್ವದ ಸರ್ಕಾರ ಪಿಂಚಣಿ ವಯಸ್ಸಿನ ಮುದುಕ ಮುದುಕೇರನ್ನ ವರ್ಷಕ್ಕ ನಾಕು ವಾರ ಪಶ್ಚಿಮಕ್ಕ ಹೋಗಿ ಬರಾಕ ಬಿಟ್ಟತು. ಹರೇದವರನ್ನ ಬಿಡಲಿಲ್ಲ. ಮಗಳು ಇದನ್ನ ಓದಿ ಹೇಳಿದಾಗ ನಾನು ಅಲ್ಲೇ ನಿಂತೆ. ದುಡಿಯೋ ಕೈ ಓಡಿಹೋದ್ರ ಸರ್ಕಾರಕ್ಕ ನಷ್ಟ, ಅಜ್ಜಿ ಓಡಿಹೋದ್ರ ಒಂದು ಪಿಂಚಣಿ ಉಳೀತು. ಅವರು ದಯಾದಿಂದ ಬಿಟ್ಟಿರಲಿಕ್ಕಿಲ್ಲ. ಹೆಂಗ ಬಿಟ್ರೇನು, ಅಲ್ಲಿಯ ಅಜ್ಜಿಗಳು ವರ್ಷಕ್ಕ ನಾಕು ವಾರ ಮೊಮ್ಮಕ್ಕಳನ್ನ ಕಂಡ್ರು. ನಮ್ಮ ಆಯಿಗೆ ಆರು ವರ್ಷದಾಗ ಅಂಥ ನಾಕು ವಾರ ಸಿಕ್ಕಿದ್ರ ಸಣ್ಣಣ್ಣ “ಹೀ ಕೋಣ” ಅಂತಿರ್ಲಿಲ್ಲ.

ಪರದೇಶದಾಗ ಇರೋ ನಮ್ಮ ಹೆಣ್ಣುಮಕ್ಕಳು ಈಗ ಏನ್ ಹೇಳ್ತಾರ ಅಂದ್ರ, ದಿನಾ ವಿಡಿಯೋ ಕಾಲ್ ಐತಲ್ಲ ಅವ್ವ, ಸ್ವಲ್ಪ ದೊಡ್ಡಂವ ಆಗಲಿ, ಆವಾಗ ಬಾ. ಎರಡು ವರ್ಷದ ಕೂಸಿಗೆ ಆ ಸಣ್ಣ ಗಾಜಿನ್ಯಾಗಿನ ಅಜ್ಜಿನೂ, ಕಾರ್ಟೂನಿನ ಬೆಕ್ಕೂ ಒಂದ. ಎರಿಯೋ ಕೈ, ಎದಿ ಮ್ಯಾಲೆ ಹಾಕ್ಕೊಂಡು ತಟ್ಟೋ ಕೈ, ಬಾಯಿಗೆ ತುತ್ತು ಇಡೋ ಕೈ, ಅದರ ಜೊತಿ ಕಿವಿಗೆ ಬೀಳೋ ಮಾತು, ಅದ ಅಂವಗ ಅಜ್ಜಿ. 2020ರ ಮಾರ್ಚಿನ್ಯಾಗ ವಿಮಾನ ನಿಂತಾಗ ನಮ್ಮ ಟಿಳಕವಾಡಿಯ ಒಬ್ಬ ಅಕ್ಕಾರು ಮಗನ ಮನ್ಯಾಗ ಅಮೆರಿಕಾದಾಗ ಸಿಕ್ಕಿಬಿದ್ರು. ಮೂರು ತಿಂಗಳಿಗೆ ಅಂತ ಹೋದವರು ಎಂಟು ತಿಂಗಳು. ಸೊಸಿಗೂ ಇವರಿಗೂ ನಡುವ ಸಾಕು ಸಾಕಾಗಿತ್ತು, ಅದನ್ನ ಅವರ ಹೇಳ್ತಾರ. ಆದ್ರ ಆ ಮೊಮ್ಮಗಳು ಈಗ ಫೋನಿನ್ಯಾಗ “ಅಜ್ಜಿ, ಉಪ್ಪಿಟ್ಟ ಮಾಡಿಯೇನು?” ಅಂತ ಅಚ್ಚ ಬೆಳಗಾವಿ ಕನ್ನಡದಾಗ ಕೇಳ್ತಾಳ. ಅದ ವರ್ಷ ಟಿಕೀಟ ತಗದು ಇಟ್ಟು ಹೋಗಲಾರದೆ ಉಳಿದವರೂ ಅದಾರ, ಅವರ ಮೊಮ್ಮಕ್ಕಳು ಕ್ಯಾಮರಾ ಮುಂದ ಬರಾಕ ಒಲ್ಲೆ ಅಂತಾವ.

ನಮ್ಮ ಸಣ್ಣಣ್ಣನ ಮನಿ ಕಥಿ ಮಾತ್ರ ಯಾರೂ ನೆನಸಲಾರದ ದಿಕ್ಕಿಗೆ ಹೋತು. 1961ರ ಡಿಸೆಂಬರ್ 19ರ ಮೊದಲ ಗೋವಾದಾಗ ಹುಟ್ಟಿದವರನ್ನ ಪೋರ್ಚುಗಲ್ ಸರ್ಕಾರ ಇವತ್ತಿಗೂ ತನ್ನ ನೆಲದಾಗ ಹುಟ್ಟಿದವರು ಅಂತನ ಎಣಸತದ. ಅವರು ಲಿಸ್ಬನ್ನಿನ್ಯಾಗ ಜನನ ನೋಂದಾಯಿಸಿದ್ರ ಅವರಿಗೆ, ಅವರ ಮಕ್ಕಳಿಗೆ, ಮೊಮ್ಮಕ್ಕಳಿಗೆ ಪೋರ್ಚುಗೀಜ ಪಾಸ್‌ಪೋರ್ಟ್ ಸಿಗತದ. ನಮ್ಮ ದೇಶದ ಕಾಯ್ದೆದಾಗ ಎರಡು ನಾಗರಿಕತ್ವ ಇಲ್ಲ, ಅದನ್ನ ತಗೊಂಡ್ರ ಇದನ್ನ ಬಿಡಬೇಕು. ಸಾವಿರಾರು ಗೋವಾದವರು ಹಂಗ ಮಾಡಿ, ಬ್ರಿಟನ್ ಯುರೋಪದ ಒಕ್ಕೂಟದಾಗ ಇರೋ ತನಕ ಆ ಪಾಸ್‌ಪೋರ್ಟಿನ ಮ್ಯಾಲೆ ಇಂಗ್ಲೆಂಡಿಗೆ ಹೋದ್ರು. ಸ್ವಿಂಡನ್ ಅನ್ನೋ ಊರಾಗ ಗೋವಾದವರು ಎಷ್ಟ ಮಂದಿ ಅದಾರ ಅಂದ್ರ, ಅಲ್ಲಿ ಕೊಂಕಣಿ ಕೇಳೋದು ಹೊಸದಲ್ಲ. ಸಣ್ಣಣ್ಣನ ಮಗನೂ ಅಲ್ಲೇ ಇರೋದು. 1955ರ ಕಾರ್ತೀಕದಾಗ ಸಣ್ಣಣ್ಣ ಹುಟ್ಟಿದ್ದನ್ನ ಪೋರ್ಚುಗೀಜ ಭಾಷೆದಾಗ ಬರದಿಟ್ಟ ಹಾಳಿ ಇತ್ತಲ್ಲ, ಅದನ್ನ ಹುಡುಕಿ ತಗಸಿ, ಅದರ ಮ್ಯಾಲೆ ಹೋಗ್ಯಾನ. ಗುಂಜಿಯಾಗ ಹುಟ್ಟಿದ ದೊಡ್ಡಣ್ಣನ ಹತ್ರ ಆ ಹಾಳಿ ಇಲ್ಲ. ಅವನ ಮಕ್ಕಳು ಮಡಗಾಂವದಾಗ ಅದಾರ.

ಹಂಗಾಗಿ ಈಗ ಪರದೇಶಕ್ಕ ಹೋಗೋ ಪಾಳಿ ಸಣ್ಣಣ್ಣನ ಹೆಂಡ್ತಿದು, ನಮ್ಮ ವೈನಿದು. ಬ್ರಿಟನ್ನಿನವರು ನೋಡಿ ಬರಾಕ ಆರು ತಿಂಗಳ ತನಕ ಬಿಡ್ತಾರ. ಹೋದ ವರ್ಷ ಚಳಿಗಾಲದಾಗ ಹೋಗಿ ಮನಿ ಬಿಟ್ಟು ಹೊರಗ ಬರಾಕ ಆಗಲಿಲ್ಲಂತ, ಈ ಸಲ ಏಪ್ರಿಲ್ಲಿಗೆ ಹೊಂಟಾಳ. ಮೊಮ್ಮಗಳಿಗೆ ಎರಡು ವರ್ಷ. ಸೊಸಿ ಕೊಂಕಣಿ, ಹೊರಗ ಇಂಗ್ಲೀಷು, ವೈನಿ ಧಾರವಾಡದಾಕಿ. ಸಣ್ಣಣ್ಣ ಬರಂಗಿಲ್ಲ, ಮೊಣಕಾಲ ಬ್ಯಾನಿ. ಆದ್ರ ಮೊನ್ನೆ ಫೋನ್ ಮಾಡಿ ನಮ್ಮವ್ವನ ಹತ್ರ ಒಂದು ಮಾತು ಕೇಳಿದ, ಎಪ್ಪತ್ತು ವರ್ಷದಾಗ ಮೊದಲನೇ ಸಲ: ಆಯಿ ದೊಡ್ಡಣ್ಣಗ ಹಾಡ್ತಿದ್ಲಲ್ಲ, ಆ ಜೋಗುಳ ಯಾವುದು, ನಿನಗ ಬರತದೇನು ಅಂತ. ನಮ್ಮವ್ವಗ ಬರತದ. ಹೋದ ಐತವಾರ ವೈನಿನ್ನ ಕರಸಿ ಕುಂದ್ರಿಸಿಕೊಂಡು ಹೇಳಿಕೊಟ್ಟಾಳ, ವೈನಿ ಮೊಬೈಲಿನ್ಯಾಗ ತುಂಬಿಕೊಂಡಾಳ. ನನಗ ಕೆಲಸ ಶೇಂಗಾ ಚಟ್ನಿದು. ಅರ್ಧ ಕಿಲೋ ಸಾಕು ಅಂದಾಳ, ನಾ ಒಂದು ಕಿಲೋ ಕುಟ್ಟಿ ಇಟ್ಟೀನಿ.